ಕಬ್ಬಿಣದ ಪುಡಿ, ಅಲ್ಯುಮಿನಿಯಂ ಪುಡಿ: ಒಂದೇ ಡ್ರಮ್ ಸಲ್ಲದು

ಕೊಡಗಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳಿಲ್ಲ. ಆದರೆ ಕಾಫಿ ಪಲ್ಪರ್, ಪಂಪು, ಜೀಪು ರಿಪೇರಿ ಮಾಡುವ ವರ್ಕ್‌ಶಾಪ್‌ಗಳು ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪಗಳಲ್ಲಿ ಹಳೆಯವೇ. ಕತ್ತಿ ತಟ್ಟುವ ಕುಲುಮೆಯಿಂದ ಉದುರುತ್ತಿದ್ದುದು ಬರೀ ಕಬ್ಬಿಣ. ಮೂಲೆಯಲ್ಲಿ ಗುಡ್ಡೆ ಬಿದ್ದರೂ ತುಕ್ಕು ಹಿಡಿದು ಮಣ್ಣಿಗೆ ಸೇರುತ್ತಿತ್ತು. ಹೋಂಸ್ಟೇಗಳ ಜೊತೆಗೆ ಅಲ್ಯುಮಿನಿಯಂ ಕಿಟಕಿಯ ಕೆಲಸ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು.

ಅಲ್ಯುಮಿನಿಯಂ ಪುಡಿ ನೀರಿಗೆ ಸಿಕ್ಕರೆ ಬಿಸಿಯಾಗಿ ಹೈಡ್ರೋಜನ್ ಬಿಡುತ್ತದೆ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ, ಕಾರಿನ ಚಕ್ರಗಳಿಗೆ ಪಾಲಿಶ್ ಹಾಕುವ ಕಾರ್ಖಾನೆ ಸ್ಫೋಟಿಸಿ 146 ಮಂದಿ ಸತ್ತರು. ಧೂಳು ಹೀರುವ ಯಂತ್ರದ ಡಬ್ಬ ತುಕ್ಕು ಹಿಡಿದು ತೂತಾಗಿತ್ತು, ಒಳಗಿನ ಪುಡಿ ತೇವಗೊಂಡು ತಾನೇ ಕಾದು ಹೊತ್ತಿತ್ತು ಎಂದು ತನಿಖೆ ಹೇಳಿತು. ಆಷಾಢದ ಮಳೆ ಹಿಡಿದರೆ ಬಟ್ಟೆಯೇ ಒಣಗದ ನಮ್ಮೂರಲ್ಲಿ ಈ ಮಾತು ಕಿವಿಗೆ ಬೀಳಲೇಬೇಕು.

ಇನ್ನೂ ಒಂದಿದೆ. ಒಂದೇ ಗ್ರೈಂಡರ್‌ನಲ್ಲಿ ಎರಡನ್ನೂ ಉಜ್ಜಿದರೆ ತುಕ್ಕು ಮತ್ತು ಅಲ್ಯುಮಿನಿಯಂ ಪುಡಿ ಬೆರೆಯುತ್ತವೆ. ಹಳಿಗಳ ಬೆಸುಗೆಗೆ ಬಳಸುವ, ಕಬ್ಬಿಣವನ್ನೇ ಕರಗಿಸುವಷ್ಟು ಬಿಸಿಯಾಗಿ ಉರಿಯುವ ಥರ್ಮೈಟ್ ಮಾಡುವುದೂ ಇವೆರಡರಿಂದಲೇ. ಒಮ್ಮೆ ಹೊತ್ತಿತೆಂದರೆ ನೀರು ಸುರಿಯುವುದು ಇನ್ನೂ ಅಪಾಯ; ಒಣ ಮರಳೇ ಗತಿ.

ಕಾನೂನು ತಡವಾಗಿ ಬಂತು. ಹೊತ್ತಿಕೊಳ್ಳುವ ಧೂಳಿನ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮು ಎಚ್ಚರಿಸಿತ್ತು. ತ್ಯಾಜ್ಯದ ಗತಿಯೇನೆಂದು ಕೇಳಲು 1984ರ ಭೋಪಾಲ್ ದುರಂತವೇ ಆಗಬೇಕಾಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. ಈಗ ನಡೆಯುತ್ತಿರುವುದು 2016ರ ನಿಯಮ. ಸತು, ಸೀಸದ ಬೂದಿಯಂಥವನ್ನು ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಬೇಕು.

ಲೋಹದ ಪುಡಿ, ಧೂಳು ಕಸವಲ್ಲ, ಮಾಲು. ಉಕ್ಕಿನ ಕುಲುಮೆಯ ಹೊಗೆಧೂಳನ್ನು ಕೋಕ್ ಜೊತೆ ತಿರುಗುವ ಗೂಡಿನಲ್ಲಿ ಸುಮಾರು 1,200 ಡಿಗ್ರಿಗೆ ಕಾಸಿದರೆ ಅದರಲ್ಲಿರುವ ಸತು ಆವಿಯಾಗಿ ಮೇಲೇರುತ್ತದೆ. ಅದನ್ನು ಫಿಲ್ಟರ್ ಚೀಲದಲ್ಲಿ ಹಿಡಿದು ಮತ್ತೆ ಸತು ತಯಾರಿಸುತ್ತಾರೆ. ಎಣ್ಣೆ ತೆಗೆದ ಲೇತ್ ಪುಡಿಯನ್ನು ಒತ್ತಿ ಗಟ್ಟಿ ಬಿಲ್ಲೆ ಮಾಡಿದರೆ ಫೌಂಡ್ರಿಯವರು ಕರಗಿಸಿಕೊಳ್ಳುತ್ತಾರೆ.

ಕೊಡಗಿನ ತೊಡಕು ಪ್ರಮಾಣದ್ದು. ಒಂದೊಂದು ಅಂಗಡಿಯ ಪುಡಿ ಕೆಲವೇ ಚೀಲ. ಅಷ್ಟಕ್ಕೆ ಲಾರಿ ಬರುವುದಿಲ್ಲ. ಗುಜರಿಯವರೂ ಪುಡಿ ಎಂದರೆ ಬೇಡವೆನ್ನುತ್ತಾರೆ. ಕೊನೆಗೆ ಅದು ಚರಂಡಿ ಸೇರಿ, ಮಳೆಗೆ ಕಾವೇರಿಗೆ ಹೋಗುತ್ತದೆ. 2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೇ ಹೊಳೆ ನುಗ್ಗಿತ್ತು. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ, ಪ್ರವಾಹ ಮುಟ್ಟದ ಎತ್ತರದಲ್ಲಿ, ಗಾಳಿಯಾಡುವ ಒಂದು ಒಣ ಶೆಡ್ ಹಾಕಿ, ಲೋಹಕ್ಕೊಂದು ಡ್ರಮ್ ಇಟ್ಟು, ಎಲ್ಲ ಅಂಗಡಿಗಳ ಪುಡಿಯನ್ನೂ ಒಟ್ಟಿಗೆ ಕಳಿಸುವ ಏರ್ಪಾಡನ್ನು ಮುಂದಿನ ಮಳೆಗಾಲದೊಳಗೆ ಮಾಡಬೇಕು.