ಗೋಡೆಯ ಮೇಲೆ ಕೂತಿರುವುದು ಚಾರ್ಜರ್ ಅಲ್ಲ

ಎಲೆಕ್ಟ್ರಿಕ್ ಕಾರು ಬುಕ್ ಮಾಡಿದವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಷ್ಟು ಕಿಲೋವ್ಯಾಟಿನ ಚಾರ್ಜರ್ ಹಾಕಿಸಲಿ?" ಉತ್ತರ ಬರುವ ಮೊದಲೇ ತೀರ್ಮಾನವೂ ಆಗಿರುತ್ತದೆ: "22 ಕಿಲೋವ್ಯಾಟಿನದೇ ಇರಲಿ ಬಿಡಿ, ಮುಂದೆ ಬೇಕಾಗಬಹುದು." ಡಿಬಿಯಿಂದ (ಮನೆಯ ಲೈನುಗಳೆಲ್ಲ ಹೊರಡುವ ಪೆಟ್ಟಿಗೆ) ಕಾರು ನಿಲ್ಲುವ ಜಾಗಕ್ಕೆ ಎಷ್ಟು ಮೀಟರ್, ಅರ್ತಿಂಗ್ ಹೇಗಿದೆ, ಕಾರಿನೊಳಗಿನ ಚಾರ್ಜರ್ ಎಷ್ಟರದ್ದು ಎಂದು ಕೇಳುವವರು ಅಪರೂಪ. ಡಬ್ಬಿಯ ಬಣ್ಣದ ಬಗ್ಗೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ, ವೈರಿನ ಬಗ್ಗೆ ಅರ್ಧ ನಿಮಿಷವೂ ಇಲ್ಲ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದು: ಗೋಡೆಗೆ ಹಾಕುವ ಡಬ್ಬಿ ಚಾರ್ಜರ್ ಅಲ್ಲ. ಚಾರ್ಜರ್ ಕಾರಿನೊಳಗಿದೆ. ಮನೆಗೆ ಬರುವುದು ಎಸಿ ಕರೆಂಟು, ಬ್ಯಾಟರಿಗೆ ಬೇಕಾದದ್ದು ಡಿಸಿ. ಇದನ್ನು ಅದಕ್ಕೆ ಪರಿವರ್ತಿಸುವ ಯಂತ್ರ ಆನ್‌ಬೋರ್ಡ್ ಚಾರ್ಜರ್, ಅದನ್ನು ಕಾರಿನ ಕಂಪನಿ ಒಳಗೇ ಕೂರಿಸಿ ಕಳಿಸಿರುತ್ತದೆ. ಗೋಡೆಯ ಡಬ್ಬಿ ಒಂದು ಬುದ್ಧಿವಂತ ಸ್ವಿಚ್ ಅಷ್ಟೆ. ಅರ್ತ್ ಇದೆಯೇ ಎಂದು ನೋಡುತ್ತದೆ, "ನೀನು ಇಷ್ಟು ಆಂಪಿಯರ್‌ವರೆಗೆ ಎಳೆದುಕೊಳ್ಳಬಹುದು" ಎಂದು ಕಾರಿಗೆ ಹೇಳುತ್ತದೆ, ಕಾರು ಒಪ್ಪಿದ ಮೇಲೆ ಒಳಗಿನ ರಿಲೇ ಎಂಬ ಸ್ವಿಚ್ ಜೋಡಿಸಿ ಕರೆಂಟು ಬಿಡುತ್ತದೆ, ದೋಷ ಕಂಡರೆ ಕಡಿಯುತ್ತದೆ.

ಹೇಳುವ ಕೆಲಸ ನಡೆಯುವುದು ಪೈಲಟ್ ಎಂಬ ಒಂದು ಸಣ್ಣ ತಂತಿಯಲ್ಲಿ. ಅದರಲ್ಲಿ ಸೆಕೆಂಡಿಗೆ 1000 ಬಾರಿ ಒಂದು ಪಲ್ಸ್ ಹೋಗುತ್ತಿರುತ್ತದೆ. ಆ ಪಲ್ಸ್ ಶೇ. 27ರಷ್ಟು ಹೊತ್ತು ಆನ್ ಇದ್ದರೆ 16 ಆಂಪಿಯರ್ ಎಂದರ್ಥ, ಶೇ. 53ರಷ್ಟಿದ್ದರೆ 32 ಆಂಪಿಯರ್. ಕಾರು ಅದನ್ನು ಓದಿಕೊಂಡು ಅಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಎಳೆಯುತ್ತದೆ. ಡಬ್ಬಿ ಕಾರಿಗೆ ಕರೆಂಟನ್ನು ತುರುಕುವುದಿಲ್ಲ, ತುರುಕಲು ಬರುವುದೂ ಇಲ್ಲ. ಆದ್ದರಿಂದ ಕಾರು, ಕೇಬಲ್, ಡಬ್ಬಿ, ಮನೆಯ ಲೈನು ಈ ನಾಲ್ಕರಲ್ಲಿ ಯಾವುದು ಚಿಕ್ಕದೋ ಅದರದ್ದೇ ಆಟ.

ಇದನ್ನು ಕೇಳಿ ತಲೆದೂಗಿದವರೂ ಮತ್ತೆ ಎಡವುವ ಜಾಗ ಒಂದಿದೆ, ಸ್ವಲ್ಪ ನಿಧಾನವಾಗಿ ಓದಿ. 230 ವೋಲ್ಟಿನ ಸಿಂಗಲ್ ಫೇಸ್‌ನಲ್ಲಿ 16 ಆಂಪಿಯರ್ ಎಂದರೆ ಸುಮಾರು 3.7 ಕಿಲೋವ್ಯಾಟ್, 32 ಆಂಪಿಯರ್ ಎಂದರೆ 7.4. ಮೂರು ಫೇಸಿನಲ್ಲಿ ತಲಾ 16 ಆಂಪಿಯರ್ ಆದರೆ 11, ತಲಾ 32 ಆದರೆ 22. ಈಗ ನಿಮ್ಮ ಕಾರಿನ ಆನ್‌ಬೋರ್ಡ್ ಚಾರ್ಜರ್ 7.4 ಕಿಲೋವ್ಯಾಟಿನದು, ಸಿಂಗಲ್ ಫೇಸಿನದು ಎಂದುಕೊಳ್ಳಿ. 7.4ಕ್ಕಿಂತ 11 ದೊಡ್ಡದಲ್ಲವೇ ಎಂದು ನೀವು 11 ಕಿಲೋವ್ಯಾಟಿನ ತ್ರೀ ಫೇಸ್ ಡಬ್ಬಿ ತಂದಿರಿ. ಕಾರಿಗೆ ಸಿಗುವುದೆಷ್ಟು? 3.7. ಯಾಕೆಂದರೆ ಆ ಡಬ್ಬಿ ಒಂದೊಂದು ಫೇಸಿಗೆ ಕೊಡುವುದೇ 16 ಆಂಪಿಯರ್, ನಿಮ್ಮ ಕಾರು ಬಳಸುವುದು ಒಂದೇ ಫೇಸ್. ಉಳಿದೆರಡು ಫೇಸ್ ಸುಮ್ಮನೆ ಕೂತಿರುತ್ತವೆ. ಸಣ್ಣ ಸಂಖ್ಯೆಯ ಸಿಂಗಲ್ ಫೇಸ್ ಡಬ್ಬಿಯೇ ಇದರ ಎರಡರಷ್ಟು ಬೇಗ ಚಾರ್ಜ್ ಮಾಡುತ್ತಿತ್ತು. ಹೆಚ್ಚು ದುಡ್ಡು ಕೊಟ್ಟು ಅರ್ಧ ವೇಗ ತಂದುಕೊಂಡು, ಆಮೇಲೆ "ಕಾರಿನಲ್ಲೇ ಏನೋ ಡಿಫೆಕ್ಟ್ ಇದೆ" ಎಂದು ಸರ್ವೀಸ್ ಸೆಂಟರಿಗೆ ಹೋಗಿ ಜಗಳ ಆಡುವವರು ಪಾಪ, ನಿಜವಾಗಿಯೂ ಇದ್ದಾರೆ.

ಉಲ್ಟಾ ಕೂಡ ಆಗುತ್ತದೆ. ಕಾರಿನದು 11 ಕಿಲೋವ್ಯಾಟಿನ ತ್ರೀ ಫೇಸ್ ಚಾರ್ಜರ್, ಮನೆಗಿರುವುದು ಸಿಂಗಲ್ ಫೇಸ್ ಲೈನು. ಆಗ ಕೆಲವು ಕಾರುಗಳು ಆ ಒಂದೇ ಫೇಸಿನಲ್ಲಿ 32 ಆಂಪಿಯರ್ ಎಳೆಯುತ್ತವೆ, ಕೆಲವು 16ಕ್ಕೇ ನಿಂತುಬಿಡುತ್ತವೆ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಎಸಿ ಚಾರ್ಜಿಂಗ್ ಎಂಬ ಸಾಲು ಹುಡುಕಿ, ಎಷ್ಟು ಫೇಸ್, ಫೇಸಿಗೆ ಎಷ್ಟು ಆಂಪಿಯರ್ ಎಂಬ ಎರಡನ್ನು ಮಾತ್ರ ಬರೆದುಕೊಳ್ಳಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ 50, 100 ಕಿಲೋವ್ಯಾಟ್ ಹೆದ್ದಾರಿಯ ಡಿಸಿ ಸ್ಟೇಷನ್ನಿನ ಲೆಕ್ಕ. ಅಲ್ಲಿ ಚಾರ್ಜರ್ ನಿಜವಾಗಿಯೂ ಹೊರಗಿರುತ್ತದೆ, ಕರೆಂಟು ಆನ್‌ಬೋರ್ಡ್ ಚಾರ್ಜರನ್ನು ಬಿಟ್ಟು ನೇರ ಬ್ಯಾಟರಿಗೆ ಹೋಗುತ್ತದೆ. ಮನೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಬೇಕಾದದ್ದೆಷ್ಟು? ದಿನಕ್ಕೆ 50 ಕಿಲೋಮೀಟರ್ ಓಡಿಸುತ್ತೀರಿ, ಕಾರು ಕಿಲೋಮೀಟರಿಗೆ 150 ವ್ಯಾಟ್ ಅವರ್ ತಿನ್ನುತ್ತದೆ ಎಂದಿಟ್ಟುಕೊಂಡರೆ 7.5 ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್). ಚಾರ್ಜಿಂಗ್‌ನಲ್ಲಿ ಸೋರುವುದನ್ನು ಸೇರಿಸಿ ಎಂಟೂವರೆ ಅನ್ನಿ. 10 ಆಂಪಿಯರಿನಲ್ಲಿ ಇದಕ್ಕೆ ನಾಲ್ಕು ಗಂಟೆಯೂ ಬೇಡ, 16ರಲ್ಲಿ ಎರಡೂಕಾಲು ಗಂಟೆ, 32ರಲ್ಲಿ ಒಂದು ಗಂಟೆ ಚಿಲ್ಲರೆ. ಕಾರು ರಾತ್ರಿಯಿಡೀ ನಿಂತೇ ಇರುತ್ತದಲ್ಲ. ಇನ್ನು 60 ಯೂನಿಟ್ ಬ್ಯಾಟರಿಯನ್ನು ಶೇ. 10ರಿಂದ ಪೂರ್ತಿ ತುಂಬಿಸಬೇಕಾದ ದಿನ 32 ಆಂಪಿಯರಿಗೆ ಸುಮಾರು ಎಂಟು ಗಂಟೆ ಹಿಡಿಯುತ್ತದೆ, 16ಕ್ಕೆ ಹದಿನಾರು. ಹಾಗಾಗಿ ದಿನಕ್ಕೆ ನೂರರೊಳಗೆ ಓಡಿಸುವವರಿಗೆ 16 ಆಂಪಿಯರ್ ಧಾರಾಳ. ಆಗಾಗ ದೂರ ಹೋಗಿಬಂದು ಮರುದಿನ ಮತ್ತೆ ಹೊರಡುವವರಿಗೆ 32. ಇದರ ಮೇಲಿನದು ಬಹುಪಾಲು ಮನೆಗಳಿಗೆ ಬೇಕಿಲ್ಲ. ಹಾಗೆಂದು ತೀರಾ ಕಡಿಮೆಗೆ ಇಟ್ಟುಕೊಳ್ಳುವುದೂ ಲಾಭವಲ್ಲ. ಚಾರ್ಜ್ ಆಗುವಾಗ ಕಾರಿನ ಕಂಪ್ಯೂಟರ್, ಪಂಪುಗಳು ಎದ್ದು ಕೂತು ಕೆಲಸ ಮಾಡುತ್ತಿರುತ್ತವೆ. 6 ಆಂಪಿಯರಿನಲ್ಲಿ ಗಂಟೆಗಟ್ಟಲೆ ಎಳೆದರೆ ಅವು ತಿನ್ನುವ ಪಾಲೇ ದೊಡ್ಡದಾಗುತ್ತದೆ.

"ಮುಂದೆ ಬೇಕಾಗಬಹುದು" ಎಂಬ ಮಾತಿಗೆ ಬೆಲೆ ಇಲ್ಲವೆಂದಲ್ಲ, ಅದನ್ನು ಅನ್ವಯಿಸುವ ಜಾಗ ಬೇರೆ. ಡಬ್ಬಿಯನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ನೆಲ ಅಗೆದು ಹುಗಿದ ಕೇಬಲ್ಲನ್ನು ಬದಲಿಸುವುದು ಹಾಗಲ್ಲ. ಮುಂದಾಲೋಚನೆಯನ್ನೆಲ್ಲ ದಪ್ಪ ವೈರಿಗೆ, ಅಗಲದ ಪೈಪಿಗೆ ಸುರಿಯಿರಿ. 32 ಆಂಪಿಯರಿಗೆ 6 ಸ್ಕ್ವೇರ್ ಎಂಎಂ ತಾಮ್ರದ ವೈರ್ 25 ಮೀಟರ್ ಎಳೆದರೆ ಸುಮಾರು 6 ವೋಲ್ಟ್ ಬೀಳುತ್ತದೆ, ನಡೆಯುತ್ತದೆ. 40 ಮೀಟರಿಗೆ 4 ಸ್ಕ್ವೇರ್ ಎಂಎಂ ಎಳೆದರೆ 14 ವೋಲ್ಟ್ ಹೋಯಿತು. ಅಷ್ಟು ವೋಲ್ಟೇಜ್ ಬಿದ್ದರೆ ಕೆಲವು ಕಾರುಗಳು ತಾವಾಗಿಯೇ ಕರೆಂಟು ತಗ್ಗಿಸುತ್ತವೆ, ಕೆಲವು ಚಾರ್ಜಿಂಗನ್ನೇ ನಿಲ್ಲಿಸುತ್ತವೆ. ದೂರ 30 ಮೀಟರ್ ದಾಟಿದರೆ, ಅಥವಾ ವೈರು ಬೇರೆ ವೈರುಗಳ ಜೊತೆ ಬಿಸಿ ಪೈಪಿನಲ್ಲಿ ಹೋಗುವುದಾದರೆ, ಯೋಚಿಸದೆ 10 ಸ್ಕ್ವೇರ್ ಎಂಎಂ ಹಾಕಿಸಿ. ಜೊತೆಗೆ ಒಂದು ಡೇಟಾ ಕೇಬಲ್ ಕೂಡ ಎಳೆದಿಡಿ, ಮುಂದೆ ಹೇಳುವ ಲೋಡ್ ಸೆನ್ಸರಿಗೆ ಬೇಕಾಗಬಹುದು.

ಡಬ್ಬಿಯೇ ಬೇಡ, ಕಾರಿನ ಜೊತೆ ಬಂದ ಪೋರ್ಟಬಲ್ ಕೇಬಲ್ಲನ್ನು ಮೂರು ಪಿನ್ನಿನ ಪವರ್ ಸಾಕೆಟ್ಟಿಗೆ ಚುಚ್ಚಿದರಾಯಿತು ಎನ್ನುವವರೂ ಇದ್ದಾರೆ. ತಪ್ಪೇನಿಲ್ಲ, ಒಂದು ಷರತ್ತಿನ ಮೇಲೆ. ಅದೇ ಸಾಕೆಟ್ಟಿನಲ್ಲಿ ಗೀಸರ್ ವರ್ಷಗಟ್ಟಲೆ ಓಡಿದೆ ಎಂಬುದು ವಾದವೇ ಅಲ್ಲ. ಗೀಸರ್ ಹದಿನೈದು ನಿಮಿಷ ಓಡಿ ಆರುತ್ತದೆ, ಕಾರು ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಸಾಕೆಟ್ಟಿನ ಹಿಡಿತ ಸಡಿಲಾಗಿ ಅಲ್ಲಿ ಕೇವಲ 0.1 ಓಮ್ ರೋಧ ಹುಟ್ಟಿತು ಅನ್ನಿ. 16 ಆಂಪಿಯರಿನಲ್ಲಿ ಅದು 25 ವ್ಯಾಟ್ ಶಾಖ, ಅಂದರೆ ಒಂದು ಸಾಲ್ಡರಿಂಗ್ ಐರನ್ನು. ಪ್ಲಾಸ್ಟಿಕ್ಕಿನ ಒಳಗೆ ಸಾಲ್ಡರಿಂಗ್ ಐರನ್ ಇಟ್ಟು ರಾತ್ರಿಯಿಡೀ ಮಲಗುವವರುಂಟೆ? ಕರೆಂಟನ್ನು 10 ಆಂಪಿಯರಿಗೆ ಇಳಿಸಿದರೆ ಅದೇ ಜಾಗದಲ್ಲಿ ಶಾಖ 10 ವ್ಯಾಟಿಗೆ ಇಳಿಯುತ್ತದೆ. ಷರತ್ತು ಇಷ್ಟೆ: ಕಾರಿಗೇ ಮೀಸಲಾದ ಲೈನು, ಕನಿಷ್ಠ 4 ಸ್ಕ್ವೇರ್ ಎಂಎಂ ವೈರು, ಹೊಸ ಸಾಕೆಟ್ಟು. ನೀಲಿ ಬಣ್ಣದ ದುಂಡನೆಯ ಇಂಡಸ್ಟ್ರಿಯಲ್ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಸುತ್ತಿಟ್ಟ ಎಕ್ಸ್‌ಟೆನ್ಷನ್ ಅಂತೂ ಶಾಖವನ್ನು ಹೊರಗೆ ಬಿಡದೆ ಒಳಗೊಳಗೇ ಕರಗುತ್ತದೆ.

ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಲೈನು ಕಡಿಯುವ ಸ್ವಿಚ್, ಅದರ ವಿಷಯದಲ್ಲಿ ನಡೆಯುವ ಅನಾಹುತ ಬೇರೆಯದು. ಬಿಸಿಲು ಬೀಳುವ ಡಿಬಿಯಲ್ಲಿ 32 ಆಂಪಿಯರಿನ ಎಂಸಿಬಿ ಪೂರ್ತಿ 32 ಆಂಪಿಯರ್ ಹೊತ್ತು ಎರಡು ಗಂಟೆ ನಿಂತರೆ ಕಾದು ಟ್ರಿಪ್ ಆಗುತ್ತದೆ. ನಾಲ್ಕು ದಿನ ಹೀಗಾದ ಮೇಲೆ ಯಾರೋ ಬಂದು ಅದನ್ನು ಕಿತ್ತು 63ರದ್ದು ಹಾಕಿ ಹೋಗುತ್ತಾರೆ. ಟ್ರಿಪ್ ನಿಲ್ಲುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಇನ್ನು ಮೇಲೆ ಫ್ಯೂಸ್ ಆಗುವುದು ವೈರೇ. 32ರ ಡಬ್ಬಿಗೆ 40ರ ಎಂಸಿಬಿ ಸರಿ, ಹಿಂದಿನ ವೈರು 40 ಆಂಪಿಯರನ್ನು ನಿರಂತರ ತಾಳುವಂತಿದ್ದರೆ ಮಾತ್ರ. ಇಲ್ಲವಾದರೆ ಡಬ್ಬಿಯ ಸೆಟ್ಟಿಂಗನ್ನೇ 25ಕ್ಕೆ ಇಳಿಸಿ, ಯಾರಿಗೂ ಗೊತ್ತಾಗುವುದಿಲ್ಲ.

ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್, ಕೊಳ್ಳುವಾಗ ಅದರ ಮೇಲಿನ ಚಿಹ್ನೆ ನೋಡಿ. ಕಾರಿನ ಚಾರ್ಜರಿನಿಂದ ಡಿಸಿ ಕರೆಂಟು ಸೋರುವ ಸಾಧ್ಯತೆ ಇರುತ್ತದೆ. ಟೈಪ್ ಎಸಿ ಎಂಬ ಸಾದಾ ಆರ್‌ಸಿಸಿಬಿ ಆ ಡಿಸಿಯಿಂದ ಕುರುಡಾಗುತ್ತದೆ, ಟ್ರಿಪ್ ಆಗಬೇಕಾದಾಗ ಆಗುವುದಿಲ್ಲ. ಡಬ್ಬಿಯೊಳಗೇ 6 ಮಿಲಿಆಂಪಿಯರ್ ಡಿಸಿ ಪತ್ತೆಮಾಡುವ ವ್ಯವಸ್ಥೆ ಇದ್ದರೆ 30 ಮಿಲಿಆಂಪಿಯರಿನ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಬೇಕು. ಮನೆಯ ಉಳಿದ ಲೈನುಗಳನ್ನು ಕಾಯುವ ಆರ್‌ಸಿಸಿಬಿಯ ಹಿಂದೆ ಇದನ್ನು ಜೋಡಿಸಬೇಡಿ. ಮೇನ್‌ನಿಂದಲೇ ಬೇರೆ ದಾರಿ ತೆಗೆಯಿರಿ.

ಅರ್ತಿಂಗ್ ಬಗ್ಗೆ ಮಾತ್ರ ಸಮಾಧಾನದಿಂದ ಬರೆಯಲಾಗುವುದಿಲ್ಲ. ಪ್ಲಗ್ ಚುಚ್ಚಿದಾಗ ಕೆಂಪು ದೀಪ ಬರುತ್ತದೆ, ಅರ್ತ್ ಇಲ್ಲ ಎಂದರ್ಥ. ಎಲೆಕ್ಟ್ರೀಷಿಯನ್ ಬಂದು ಸಾಕೆಟ್ಟಿನ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಸಿಕ್ಕಿಸುತ್ತಾನೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರೂ ಖುಷಿ. ಆದರೆ ಈಗ ಕಾರಿನ ಮೈ ನ್ಯೂಟ್ರಲ್‌ಗೆ ಅಂಟಿಕೊಂಡಿದೆ. ಎಂದೋ ಒಂದು ದಿನ ಹಿಂದೆಲ್ಲೋ ನ್ಯೂಟ್ರಲ್ ಕಳಚಿದರೆ, ಅಥವಾ ರಿಪೇರಿಯಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾದರೆ, ಬಾಗಿಲಿನ ಹಿಡಿಯಲ್ಲಿ 230 ವೋಲ್ಟ್ ಕೂತಿರುತ್ತದೆ. ಕಾರಿನ ಟಯರು ರಬ್ಬರ್, ನೆಲಕ್ಕೆ ಹರಿಯಲು ದಾರಿ ಇಲ್ಲ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರೇ ದಾರಿ. ಕೆಂಪು ದೀಪ ಬಂದರೆ ಸಾಕೆಟ್ಟಿಗೆ ಕೈ ಹಾಕಬೇಡಿ. ನೆಲಕ್ಕೆ ಹೊಸ ಅರ್ತ್ ಹಾಕಿಸಿ ಮೀಟರಿನಲ್ಲಿ ಅಳೆಸಿ. ಎಷ್ಟು ಓಮ್ ಒಳಗಿರಬೇಕು, ನ್ಯೂಟ್ರಲ್‌ಗೂ ಅರ್ತ್‌ಗೂ ಎಲ್ಲಿ ಸಂಬಂಧವಿರಬೇಕು ಎಂಬುದು ನಿಮ್ಮ ಕಡೆಯ ವಿದ್ಯುತ್ ವ್ಯವಸ್ಥೆಯ ಮೇಲೆ ನಿಂತಿದೆ, ಅಲ್ಲಿನ ನಿಯಮವೇ ಕೊನೆಯ ಮಾತು.

ಲೋಡಿನ ಲೆಕ್ಕ ಹಾಸಿಗೆ ಇದ್ದಷ್ಟು ಕಾಲು ಚಾಚುವ ಬಾಬತ್ತು. ಮೇನ್ 40 ಆಂಪಿಯರಿನದು, ಕಾರಿಗೆ 32 ಹೋದರೆ ಮನೆಗೆ ಉಳಿಯುವುದು 8. ಎರಡು ಕಿಲೋವ್ಯಾಟ್ ಗೀಸರ್ ಒಂದಕ್ಕೇ ಸುಮಾರು 9 ಬೇಕು. ಮೇನ್ ವೈರಿಗೆ ಸೆನ್ಸರ್ ಸುತ್ತಿ, ಮನೆಯ ಬಳಕೆ ಏರಿದಾಗ ಕಾರಿನ ಕರೆಂಟನ್ನು ತಾನೇ ಇಳಿಸುವ ಡಬ್ಬಿಗಳಿವೆ. ಕಿಲೋವ್ಯಾಟಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಟ್ಟರೆ ಸಾರ್ಥಕ. ಮಿತಿ 6 ಆಂಪಿಯರ್, ಅದಕ್ಕಿಂತ ಕೆಳಗೆ ಹೇಳಲು ಆ ಪೈಲಟ್ ಸಿಗ್ನಲ್ಲಿಗೆ ಬರುವುದಿಲ್ಲ, ಚಾರ್ಜಿಂಗ್ ತಾತ್ಕಾಲಿಕವಾಗಿ ನಿಲ್ಲುತ್ತದೆ.

ಡಬ್ಬಿ ಎಲ್ಲಿ ಹಾಕಬೇಕು ಎಂಬುದನ್ನು ಕಾರು ನಿಲ್ಲಿಸಿ ನೋಡಿಯೇ ತೀರ್ಮಾನಿಸಿ. ಚಾರ್ಜಿಂಗ್ ಬಾಯಿ ಒಂದು ಕಾರಿಗೆ ಮೂತಿಯಲ್ಲಿ, ಇನ್ನೊಂದಕ್ಕೆ ಹಿಂದಿನ ಚಕ್ರದ ಮೇಲೆ. 5 ಮೀಟರಿನ ಕೇಬಲ್ ಕಾರನ್ನು ಬಳಸಿ ಬರುವಾಗ ಸಾಲುವುದಿಲ್ಲ. ನೆರಳಿರುವ ಗೋಡೆ, ಎದೆಯ ಎತ್ತರ, ವೈರು ಒಳಗೆ ಹೋಗುವುದು ಕೆಳಗಿನಿಂದ. ಮೇಲಿನಿಂದ ತೂತು ಕೊರೆದರೆ ಮಳೆನೀರಿಗೆ ಆಹ್ವಾನ ಕೊಟ್ಟಂತೆ.

ಕೆಲಸ ಮುಗಿದ ದಿನ ಎಲೆಕ್ಟ್ರೀಷಿಯನ್ನನ್ನು ಬೇಗ ಬಿಡಬೇಡಿ. ಕಾರು ಚುಚ್ಚುವ ಮೊದಲು ವೋಲ್ಟೇಜ್ ಅಳೆಸಿ, ಪೂರ್ತಿ ಕರೆಂಟು ಎಳೆಯುವಾಗ ಮತ್ತೆ ಅಳೆಸಿ. ಎರಡರ ನಡುವೆ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ಸಡಿಲು, ಇಲ್ಲವೇ ವೈರು ಸಣ್ಣ. ಟೆಸ್ಟರ್ ಹಾಕಿ ಆರ್‌ಸಿಸಿಬಿ ನಿಜವಾಗಿ ಬೀಳುತ್ತದೆಯೇ ನೋಡಲಿ, ಅದರ ಟೆಸ್ಟ್ ಬಟನ್ ಒತ್ತಿದರಷ್ಟೇ ಸಾಲದು. ಒಂದು ಗಂಟೆಯ ನಂತರ ಪ್ಲಗ್ಗು, ಎಂಸಿಬಿ, ಡಬ್ಬಿಯ ಕೆಳಗಿನ ವೈರು ಇವಿಷ್ಟನ್ನು ಹೊರಗಿನಿಂದ ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲಿಗೇ ನಿಲ್ಲಿಸಿ. ಎಳೆ ಎಳೆಯಾದ ವೈರಿನ ತುದಿಗೆ ಲಗ್ (ಲೋಹದ ಟೊಪ್ಪಿ) ಒತ್ತದೆ ಸ್ಕ್ರೂ ಬಿಗಿದಿರುವುದೇ ಹೆಚ್ಚಿನ ಸಲ ಕಾರಣ. ದಿನಾ ಕಾದು ದಿನಾ ಆರುವ ತಾಮ್ರ ನಿಧಾನಕ್ಕೆ ಸಡಿಲಾಗುತ್ತದೆ, ಆದ್ದರಿಂದ ಒಂದೆರಡು ತಿಂಗಳ ನಂತರ ಮೇನ್ ಆಫ್ ಮಾಡಿಸಿ, ಡಬ್ಬಿಯ ಕೈಪಿಡಿಯಲ್ಲಿ ಬರೆದಿರುವ ಟಾರ್ಕಿಗೆ (ಬಿಗಿಯುವ ಬಲಕ್ಕೆ) ಟರ್ಮಿನಲ್ ಸ್ಕ್ರೂಗಳು ನಿಂತಿವೆಯೇ ಎಂದು ಅದೇ ಎಲೆಕ್ಟ್ರೀಷಿಯನ್ ಹತ್ತಿರ ಇನ್ನೊಮ್ಮೆ ನೋಡಿಸಿ.