ವರ, ಶಾಪ, ಸೆನ್ಸರ್

ಶಿಲ್ಪಿಗಳ ಜೊತೆ ಸೇರ್ಕೊಂಡು ಎಲೆಕ್ಟ್ರಾನಿಕ್ಸ್ ಮತ್ತು ಸೌಂಡ್ ಮಾಡೋದು ನನ್ನ ಕೆಲಸ. ಅವ್ರು ಕಂಚಲ್ಲೋ ಕಲ್ಲಲ್ಲೋ ಫೈಬರ್‌ನಲ್ಲೋ ಒಂದು ಆಕೃತಿ ಮಾಡಿರ್ತಾರೆ, ಜನ ಹತ್ರ ಬಂದ್ರೆ ಅದು ಸದ್ದು ಮಾಡ್ಬೇಕು, ಅಲುಗಾಡ್ಬೇಕು, ಏನಾದ್ರೂ ಆಗ್ಬೇಕು ಅಂತ ನಮ್ಮನ್ನ ಕರೀತಾರೆ. ಮುಕ್ಕಾಲು ಪಾಲು ವಸ್ತು ಪುರಾಣದ್ದೇ. ಗರುಡ ಇದೆ, ಯಾರಾದ್ರೂ ಮುಂದೆ ನಿಂತ್ರೆ ಕಣ್ಣಲ್ಲಿ ಕೆಂಪು ಎಲ್‌ಇಡಿ ಹತ್ತಿ ಶ್ಲೋಕ ಬರ್ಲಿ ಅಂತಾರೆ. ಒಂದು ಸಂಜೇಲಿ ಮಾಡಿ ಮುಗಿಸೋ ಕೆಲಸ ಅದು, ಆದ್ರೆ ನೋಡೋರು ಎರಡನೇ ಸಲ ತಿರುಗಿ ನೋಡಲ್ಲ, ಯಾಕಂದ್ರೆ ಅದು ಕಾಲಿಂಗ್ ಬೆಲ್ ಇದ್ದ ಹಾಗೆ, ಒತ್ತಿದ್ರೆ ಬಡೀತು, ಮುಗೀತು.

ನಾನು ಮೊದಲು ಕೇಳೋ ಪ್ರಶ್ನೆ, ಈ ಕಥೇಲಿ ಷರತ್ತು ಏನು ಅಂತ. ನಮ್ಮ ಪುರಾಣದಲ್ಲಿ ವರ ಶಾಪ ಅಂತ ಎಲ್ಲಿ ನೋಡಿದ್ರೂ ಒಂದು ಷರತ್ತು ಇದ್ದೇ ಇರುತ್ತೆ, ಹೀಗಾದ್ರೆ ಹಾಗಾಗುತ್ತೆ ಅಂತ. ಭಸ್ಮಾಸುರ ತಲೆ ಮೇಲೆ ಕೈ ಇಟ್ರೆ ಬೂದಿ, ಅವನದೇ ತಲೆ ಆದ್ರೂ ಸರಿ. ಅಹಲ್ಯೆ ರಾಮನ ಪಾದ ಸೋಕೋವರೆಗೂ ಕಲ್ಲು. ರಕ್ತಬೀಜನ ಒಂದು ಹನಿ ನೆಲಕ್ಕೆ ಬಿದ್ರೆ ಇನ್ನೊಬ್ಬ ಎದ್ದು ನಿಲ್ತಾನೆ, ಆಡಿಯೋದಲ್ಲಿ ಫೀಡ್‌ಬ್ಯಾಕ್ ಅಂತೀವಲ್ಲ ಅದೇ ಇದು, ಮೈಕನ್ನ ಸ್ಪೀಕರ್ ಮುಂದೆ ಹಿಡಿದ್ರೆ ಕೂಗು ಬೆಳೀತಾ ಹೋಗುತ್ತೆ, ಯಾರೋ ಮಧ್ಯ ನಿಂತು ತಡೀಬೇಕು. ಪ್ರೋಗ್ರಾಮ್ ಬರೆಯೋನಿಗೆ ಇದಕ್ಕಿಂತ ಇನ್ನೇನ್ ಬೇಕು?

ಗ್ರೀಕರ ಪುರಾಣದಲ್ಲಿ ಎಕೋ ಅನ್ನೋ ವನದೇವತೆಯ ಕಥೆ ತಗೊಳ್ಳಿ. ಹೇರಾ ದೇವಿ ಕೊಟ್ಟ ಶಾಪ ಏನಂದ್ರೆ ಅವಳಾಗೇ ಮಾತು ಶುರು ಮಾಡೋ ಹಾಗಿಲ್ಲ, ಬೇರೆಯವ್ರ ಕೊನೆ ಮಾತನ್ನಷ್ಟೇ ವಾಪಸ್ ಹೇಳ್ಬಹುದು. ತುಂಬಾ ಜನ ಇದಕ್ಕೆ ಒಂದು ಡಿಲೇ ಎಫೆಕ್ಟ್, ಅಂದ್ರೆ ಬಂದ ಸದ್ದನ್ನೇ ಸ್ವಲ್ಪ ತಡವಾಗಿ ಮತ್ತೆ ಕೇಳ್ಸೋದು, ಹಾಕಿ ಕೈತೊಳ್ಕೊತಾರೆ. ಅದು ಬೆಟ್ಟದ ಪ್ರತಿಧ್ವನಿ ಆಯ್ತು, ಎಕೋ ಆಗ್ಲಿಲ್ಲ. ಶಾಪದ ಪ್ರಕಾರ ಹೋಗೋದಾದ್ರೆ ಶಿಲ್ಪ ಮೊದಲು ಸುಮ್ನಿರ್ಬೇಕು, ಎದುರಿಗಿರೋರು ಮಾತು ನಿಲ್ಸಿದ್ದು ಅದಕ್ಕೆ ಗೊತ್ತಾಗ್ಬೇಕು, ಆಮೇಲೆ ರೆಕಾರ್ಡ್ ಆಗಿರೋದ್ರಲ್ಲಿ ಕೊನೇ ತುಣುಕು ಮಾತ್ರ ಹೇಳ್ಬೇಕು. ಮೌನ ಎಷ್ಟು ಹೊತ್ತು ಇದ್ರೆ ಮಾತು ಮುಗೀತು ಅಂತ ಲೆಕ್ಕ ಅನ್ನೋದೇ ಇಲ್ಲಿ ದೊಡ್ಡ ತಲೆನೋವು, ಕಡಿಮೆ ಇಟ್ರೆ ಜನ ಉಸಿರು ತಗೊಳ್ಳೋವಾಗ್ಲೇ ಮಧ್ಯ ಬಾಯಿ ಹಾಕುತ್ತೆ, ಜಾಸ್ತಿ ಇಟ್ರೆ ಅವ್ರು ಅಷ್ಟೊತ್ತಿಗೆ ಮುಂದಕ್ಕೆ ಹೋಗಿರ್ತಾರೆ.

ನಿಯಮ ಸರಿಯಾಗಿದ್ರೆ ಯಂತ್ರದ ಮೆದುಳು ಎಷ್ಟು ಚಿಕ್ಕದಿದ್ರೂ ನಡೆಯುತ್ತೆ ಅನ್ನೋದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಸೆನ್ಸ್‌ಟರ್ ಅನ್ನೋ ರೋಬೋಟ್ ಶಿಲ್ಪ. ಪೋಲೆಂಡಲ್ಲಿ ಹುಟ್ಟಿ ಇಂಗ್ಲೆಂಡಲ್ಲಿದ್ದ ಎಡ್ವರ್ಡ್ ಇಹ್ನಾಟೋವಿಚ್ ಅನ್ನೋ ಶಿಲ್ಪಿ ಮಾಡಿದ್ದು, 1970ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್‌ನವರ ಇವೊಲುವಾನ್ ಪ್ರದರ್ಶನದಲ್ಲಿ ಇಟ್ಟಿದ್ರು. ಉಕ್ಕಿನ ಪೈಪಿನ ಮೈ, ನಾಲ್ಕು ಮೀಟರ್‌ಗಿಂತ ಉದ್ದ, ಕೀಲುಗಳ ಐಡಿಯಾ ಲಾಬ್‌ಸ್ಟರ್ ಕೊಂಡಿಯಿಂದ ತಗೊಂಡಿದ್ದು, ಅಲುಗಾಡ್ಸೋಕೆ ಹೈಡ್ರಾಲಿಕ್ಸ್. ತಲೇಲಿ ನಾಲ್ಕು ಮೈಕು, ಓಡಾಟ ಗುರುತಿಸೋಕೆ ಎರಡು ಡಾಪ್ಲರ್ ರೇಡಾರ್. ಕಂಪ್ಯೂಟರ್ ಮೆಮೊರಿ ಬರೀ 8ಕೆ, ಇವತ್ತು ನಾವು ವಾಟ್ಸಾಪಲ್ಲಿ ಕಳ್ಸೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದ್ರಲ್ಲಿ ಹಿಡಿಯಲ್ಲ.

ಅದಕ್ಕಿದ್ದ ನಿಯಮನೂ ಅಷ್ಟೇ ಚಿಕ್ಕದು. ಮೆಲ್ಲಗೆ ಸದ್ದು ಬಂದ ಕಡೆ ತಲೆ ತಗೊಂಡು ಹೋಗು, ಜೋರು ಸದ್ದು ಬಂದ್ರೆ ಇಲ್ಲಾ ಯಾರಾದ್ರೂ ದಡಬಡ ಓಡಾಡಿದ್ರೆ ಹಿಂದಕ್ಕೆ ಸರಿ. ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗೋದು ಹೇಗಂದ್ರೆ, ಗಾಳೀಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಎರಡು ಮೈಕು 30 ಸೆಂಟಿಮೀಟರ್ ದೂರದಲ್ಲಿದ್ರೆ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಂದ್ರೆ 0.9 ಮಿಲಿಸೆಕೆಂಡ್ ವ್ಯತ್ಯಾಸ ಬರುತ್ತೆ, ಆ ವ್ಯತ್ಯಾಸ ಹಿಡಿದ್ರೆ ದಿಕ್ಕು ಸಿಕ್ತು. ನಮ್ಮ ಎರಡು ಕಿವಿ ಕೂಡ ಇದನ್ನೇ ಮಾಡೋದು. ಇಷ್ಟರಿಂದಲೇ ಜನ ಅದನ್ನ ಪ್ರಾಣಿ ಅಂದ್ಕೊಂಡು ಕೈ ಬೀಸಿದ್ರು, ಕೂಗಿ ಕರೆದ್ರು, ಮಕ್ಕಳಂತೂ ಬಿಟ್ಟು ಹೋಗ್ತಿರ್ಲಿಲ್ಲ. ಹಾಲ್‌ನ ಗೊಂದಲದ ಸದ್ದು, ಜನ ಹೇಗೆ ಆಡ್ತಾರೋ ಹೇಳೋಕಾಗದೇ ಇರೋದು, ಇವೆರಡೂ ಸೇರಿ ಆ ಯಂತ್ರ ಇರೋದಕ್ಕಿಂತ ಬುದ್ಧಿವಂತ ಅನ್ನೋ ಹಾಗೆ ಕಾಣಿಸ್ತಿತ್ತು ಅಂತ ಇಹ್ನಾಟೋವಿಚ್ ತಾನೇ ಒಪ್ಕೊಂಡಿದ್ದ.

ಇನ್ನೂ ಹಿಂದಕ್ಕೆ ಹೋದ್ರೆ ಕರೆಂಟೇ ಬೇಡ. ಈಜಿಪ್ಟಿನಲ್ಲಿ ಮೂರನೇ ಅಮೆನ್‌ಹೋಟೆಪ್‌ನ ಎರಡು ದೊಡ್ಡ ಕಲ್ಲಿನ ಮೂರ್ತಿಗಳಿವೆ, ಕ್ರಿಸ್ತಪೂರ್ವ 27ರ ಸುಮಾರಿಗೆ ಭೂಕಂಪದಲ್ಲಿ ಒಂದು ಒಡೀತು, ಆಮೇಲೆ ಬೆಳಗ್ಗೆ ಬಿಸಿಲು ಬೀಳ್ತಿದ್ದ ಹಾಗೆ ಅದು ಸದ್ದು ಮಾಡೋಕೆ ಶುರು ಮಾಡ್ತು. ರಾತ್ರಿ ತಣ್ಣಗಾದ ಕಲ್ಲು, ಬಿರುಕಲ್ಲಿರೋ ತೇವ, ಬೆಳಗ್ಗೆ ಥಟ್ಟನೆ ಬರೋ ಬಿಸಿ, ಕಾರಣ ಇದೇ ಇರ್ಬೇಕು ಅಂತಾರೆ. ಆದ್ರೆ ಗ್ರೀಕರು ಅದಕ್ಕೆ ಮೆಮ್ನಾನ್ ಅಂತ ಹೆಸರಿಟ್ರು, ಟ್ರಾಯ್ ಯುದ್ಧದಲ್ಲಿ ಸತ್ತ ವೀರ ಅವನು, ಅವನ ತಾಯಿ ಉಷೆ, ದಿನಾ ಅವಳು ಬಂದಾಗ ಮಗ ದನಿ ಎತ್ತುತ್ತಾನೆ ಅಂತ. ಕ್ರಿಸ್ತಶಕ 130ರಲ್ಲಿ ರೋಮಿನ ಚಕ್ರವರ್ತಿ ಹೇಡ್ರಿಯನ್ನೇ ಬಂದು ಕೇಳಿಸ್ಕೊಂಡು ಹೋದ, ಜೊತೆಗೆ ಬಂದಿದ್ದ ಕವಯಿತ್ರಿ ಜೂಲಿಯಾ ಬಾಲ್ಬಿಲ್ಲಾಳ ಪದ್ಯಗಳು ಮೂರ್ತಿಯ ಕಾಲ ಮೇಲೆ ಇವತ್ತಿಗೂ ಇವೆ. ಆಮೇಲೆ ಯಾರೋ ರಿಪೇರಿ ಮಾಡಿದ್ರು, ಸದ್ದು ನಿಂತೋಯ್ತು! ರಿಪೇರಿಯವ್ರಿಗೆ ಶಿಲ್ಪ ಕಾಣಿಸ್ತು, ವಾದ್ಯ ಕಾಣಿಸ್ಲಿಲ್ಲ.

ನಮ್ಮ ವರ್ಕ್‌ಶಾಪಲ್ಲಿ ಜಗಳ ಆಗೋದೂ ಇಂಥದ್ದಕ್ಕೇ. ಶಿಲ್ಪಿಗೆ ವೈರ್ ಕಾಣಬಾರ್ದು, ಹಿಂದೆ ಬಾಗಿಲು ಇರಬಾರ್ದು, ನನಗೆ ಬೋರ್ಡ್ ಕೆಟ್ರೆ ಕೈ ಹಾಕೋಕೆ ಜಾಗ ಬೇಕು. ಕಂಚಿನ ಆಕೃತಿಯಾದ್ರೆ ಅದರ ಇಡೀ ಮೈನೇ ಟಚ್ ಸೆನ್ಸರ್ ಮಾಡ್ಬಹುದು, ಕೈ ತಾಗಿದ್ರೆ ಕೆಪಾಸಿಟೆನ್ಸ್, ಅಂದ್ರೆ ಅದು ವಿದ್ಯುತ್ ಚಾರ್ಜ್ ಹಿಡಿದಿಡೋ ಅಳತೆ, ಬದಲಾಗುತ್ತೆ, ಅದನ್ನ ಒಂದು ಚಿಪ್ ಅಳೆಯುತ್ತೆ, ಆದ್ರೆ ಪೀಠ ನೆಲಕ್ಕೆ ಕನೆಕ್ಟ್ ಆಗಿದ್ರೆ ಏನೂ ನಡೆಯಲ್ಲ, ಮಧ್ಯ ರಬ್ಬರ್ ಶೀಟ್ ಹಾಕಿ ಅಂದ್ರೆ ಶಿಲ್ಪಿ ಮುಖ ಸಣ್ಣಗೆ ಮಾಡ್ತಾರೆ. ಮಳೆಗಾಲದ ತೇವಕ್ಕೆ ರೀಡಿಂಗ್ ನಿಧಾನಕ್ಕೆ ಏರುತ್ತೆ, ಅದಕ್ಕೇ ಒಂದು ಅಳತೆ ಫಿಕ್ಸ್ ಮಾಡಿಬಿಡದೆ, ಸ್ವಲ್ಪ ಹೊತ್ತಿಗೊಮ್ಮೆ ಬೇಸ್‌ಲೈನ್, ಅಂದ್ರೆ ಯಾರೂ ಮುಟ್ಟದೇ ಇದ್ದಾಗಿನ ರೀಡಿಂಗ್, ಮತ್ತೆ ಲೆಕ್ಕ ಹಾಕೋ ಹಾಗೆ ಕೋಡ್ ಬರೀಬೇಕು. ಸದ್ದಿಗೆ ನಾನು ಡಬ್ಬಿ ಸ್ಪೀಕರ್ ಇಡೋದಕ್ಕಿಂತ ಎಕ್ಸೈಟರ್, ಅಂದ್ರೆ ಅಂಟಿಸಿದ ವಸ್ತುವನ್ನೇ ನಡುಗಿಸೋ ಸಾಧನ, ಅಂಟಿಸೋದು ಜಾಸ್ತಿ, ಲೋಹದ ಹಾಳೆನೇ ನಡುಗಿ ದನಿ ಕೊಡುತ್ತೆ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಸಿಕ್ಕ ಸಿಕ್ಕ ವಸ್ತುಗಳನ್ನ ಹೀಗೆ ಸ್ಪೀಕರ್ ಮಾಡಿದ್ದು 1968ರಷ್ಟು ಹಿಂದೆ, ಮರುವರ್ಷ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಬಂದು ಮೂಗ್ ಸಿಂಥಸೈಸರ್ ಸ್ಟುಡಿಯೋ ಕೂಡ ಶುರು ಮಾಡಿಸಿದ.

ಅಂದ ಹಾಗೆ ಸೆನ್ಸ್‌ಟರ್ ಕೆಲವೇ ವರ್ಷ ನಡೀತು, 70ರ ದಶಕದ ಮಧ್ಯಕ್ಕೆಲ್ಲ ಬಿಚ್ಚಿಟ್ಟಿದ್ರು, ಅಸ್ಥಿಪಂಜರ ಮಾತ್ರ ನೆದರ್ಲೆಂಡ್ಸಲ್ಲೇ ಒಂದು ಕಂಪನಿ ಹೊರಗೆ ಮಳೆ ಬಿಸಿಲಲ್ಲಿ ನಿಂತಿತ್ತು. 2017ರಲ್ಲಿ ಪೋಲೆಂಡಿನ ಕ್ರಾಕೋವ್‌ನ ಎಜಿಎಚ್ ಯೂನಿವರ್ಸಿಟಿಯವ್ರು ತಗೊಂಡು ಹೋಗಿ, ಹೊಸ ಎಲೆಕ್ಟ್ರಾನಿಕ್ಸ್ ಹಾಕಿ ಮತ್ತೆ ಓಡಿಸಿದ್ರು. ಹಳೇ ಕಂಪ್ಯೂಟರ್ ಇಲ್ಲ, ಆದ್ರೂ ಮೆಲ್ಲಗೆ ಕರೆದ್ರೆ ಈಗ್ಲೂ ಬಗ್ಗುತ್ತೆ, ಕಿರುಚಿದ್ರೆ ಹಿಂದಕ್ಕೆ ಸರಿಯುತ್ತೆ.