ಪ್ರಿಂಟರಿನೊಳಗೊಂದು ಸ್ಟೆಪ್ನಿ

ಲೇಸರ್ ಪ್ರಿಂಟರಿನಿಂದ ಹಾಳೆ ಪೂರ್ತಿ ಮಸಿ ಬಳಿದಂತೆ ಹೊರಬಂದರೆ ಎಲ್ಲರೂ ಮೊದಲು ಬೈಯುವುದು ಟೋನರನ್ನು, ಅಂದರೆ ಮಸಿಪುಡಿಯನ್ನು. ಪಾಪ, ಎಷ್ಟೋ ಸಲ ಅದರದ್ದೇನೂ ತಪ್ಪಿರುವುದಿಲ್ಲ. ಹಾಳೆಗೆ ಮಸಿ ದಾಟಿಸುವ ಉರುಳೆ, ಅಂದರೆ ಡ್ರಮ್ಮಿನ ಮೈಗೆ ಮೊದಲು ಕೆಲವು ನೂರು ವೋಲ್ಟ್ ಚಾರ್ಜ್ ಸವರಬೇಕು. ಲೇಸರ್ ಬಿದ್ದ ಕಡೆ ಅದು ಇಳಿಯುತ್ತದೆ, ಇಳಿದ ಕಡೆಯೇ ಟೋನರ್ ಅಂಟುತ್ತದೆ. ಚಾರ್ಜೇ ಏರದಿದ್ದರೆ? ಡ್ರಮ್ಮಿನ ಉದ್ದಗಲಕ್ಕೂ ಟೋನರ್ ಮೆತ್ತಿಕೊಳ್ಳುತ್ತದೆ. ಹಳೆಯ ಜೆರಾಕ್ಸ್ ಯಂತ್ರಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಚಾರ್ಜ್ ಹೋದರೆ ಖಾಲಿ ಬಿಳಿ ಹಾಳೆ ಬರುತ್ತಿತ್ತು.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಜೆರಾಕ್ಸ್ ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಮೊದಲ ನಕಲು ತೆಗೆದಾಗ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಚಾರ್ಜ್ ಮಾಡಿದ್ದರು. ಕೆಡುವಂಥದ್ದೇ ಅಲ್ಲಿರಲಿಲ್ಲ.

ಈಗ ಚಿಕ್ಕ ಪ್ರಿಂಟರುಗಳಲ್ಲಿ ಆ ಕೆಲಸಕ್ಕೆ ರಬ್ಬರಿನ ರೋಲರ್ ಇದೆ. ರಿಫಿಲ್ ಮಾಡುವವರ ಬಾಯಲ್ಲಿ ಅದು ಪಿಸಿಆರ್, ಅಂದರೆ ಪ್ರೈಮರಿ ಚಾರ್ಜ್ ರೋಲರ್. ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ ಕರೋನಾ ವೈರ್. (ರೋಗಕ್ಕಿಂತ ಬಹಳ ಹಿಂದಿನ ಹೆಸರು ಇದು.) ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ, ಅದರಲ್ಲಿ ಸಾವಿರಾರು ವೋಲ್ಟ್. ಸುತ್ತಲಿನ ಗಾಳಿ ಅಯಾನುಗಳಾಗಿ ಒಡೆದು ಡ್ರಮ್ಮಿನತ್ತ ಹರಿಯುತ್ತದೆ. ಟೋನರಿನ ಪುಡಿ, ಸಿಲಿಕಾ ಧೂಳು ತಂತಿಯ ಮೇಲೆ ಎಲ್ಲಿ ಕೂತರೆ ಅಲ್ಲಿ ಹರಿವು ಕುಂಟುತ್ತದೆ. ಹಾಳೆಯ ಮೇಲಿಂದ ಕೆಳಗಿನವರೆಗೆ ಒಂದು ಗೆರೆ. ಮೆಕ್ಯಾನಿಕ್ ಬಂದು ತಂತಿಯನ್ನು ಒಮ್ಮೆ ಒರೆಸಿದರೆ ಗೆರೆ ಮಾಯ.

ಗಂಟೆಗೆ ಸಾವಿರಗಟ್ಟಲೆ ಬಿಲ್ ಅಚ್ಚು ಹಾಕುವಲ್ಲಿ ಒರೆಸುತ್ತ ಕೂರಲಾಗದು. ಅಲ್ಲಿಗೆ ಎರಡನೇ ಚಾರ್ಜರ್ ಬೇಕು, ಕಾರಿಗೆ ಸ್ಟೆಪ್ನಿ ಇದ್ದ ಹಾಗೆ. ಒಂದು ದಾರಿ, ಎರಡನ್ನೂ ಸಾಲಾಗಿಟ್ಟು ಒಟ್ಟಿಗೇ ದುಡಿಸುವುದು. ತಂತಿಗೂ ಡ್ರಮ್ಮಿಗೂ ನಡುವೆ ಲೋಹದ ಜಾಲರಿ ಇಟ್ಟರೆ, ಡ್ರಮ್ಮಿನ ವೋಲ್ಟೇಜು ಜಾಲರಿಯ ವೋಲ್ಟೇಜಿನ ಹತ್ತಿರ ಬಂದಾಗ ಹರಿವು ತಾನಾಗಿ ಕ್ಷೀಣಿಸುತ್ತದೆ. ಹಾಗಾಗಿ ಮೊದಲನೆಯದು ಬಿಟ್ಟ ತಗ್ಗುಗಳನ್ನು ಮಾತ್ರ ಎರಡನೆಯದು ತುಂಬುತ್ತದೆ. ತುಂಬಿದ ಕಡೆ ಸುಮ್ಮನೆ ದಾಟುತ್ತದೆ. ನನಗೆ ಇಡೀ ಯಂತ್ರದಲ್ಲಿ ತುಂಬ ಹಿಡಿಸುವ ಜಾಣತನ ಇದೇ. ಇನ್ನೊಂದು ದಾರಿ, ಬಿಡಿ ರೋಲರನ್ನು ಡ್ರಮ್ಮಿಗೆ ತಾಗದಂತೆ ಎತ್ತಿಟ್ಟು, ಮೊದಲನೆಯದು ಸವೆದಾಗ ಇಳಿಸುವುದು.

ಒಂದು ತಂತಿ 100 ದಿನಕ್ಕೊಮ್ಮೆ ಕೈಕೊಡುತ್ತದೆ ಎಂದುಕೊಳ್ಳಿ. ಎರಡೂ ಒಂದೇ ದಿನ ಕೈಕೊಡುವುದು 10,000 ದಿನಕ್ಕೊಮ್ಮೆ. ಆದರೆ ಒಂದರ ಕಾಯಿಲೆ ಇನ್ನೊಂದಕ್ಕೆ ತಗುಲಬಾರದು. ಎರಡೂ ಒಂದೇ ಧೂಳು ಕುಡಿದರೆ, ಎರಡಕ್ಕೂ ಒಂದೇ ಪವರ್ ಸಪ್ಲೈ ಇದ್ದರೆ ಈ ಗುಣಾಕಾರ ಸುಳ್ಳು. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಎರಡು ಯಂತ್ರಗಳಿದ್ದವು, ಎರಡಕ್ಕೂ ಒಂದೇ ಸ್ಟೆಬಿಲೈಜರ್. ಪರೀಕ್ಷೆಯ ಹಿಂದಿನ ಸಂಜೆ ಅದು ಸುಟ್ಟಿತು. ಹಾಲ್ ಟಿಕೆಟ್ ಹಿಡಿದ ಹುಡುಗರು ಮುಂದಿನ ಬೀದಿಗೆ ಓಡಿದರು.

ಇನ್ನೊಂದು ತೊಡಕಿದೆ. ಎರಡನೆಯದು ಚೆನ್ನಾಗಿ ಸಂಭಾಳಿಸಿಬಿಟ್ಟರೆ ಮೊದಲನೆಯದು ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಡ್ರಮ್ಮಿನೆದುರು ವೋಲ್ಟೇಜು ಅಳೆಯುವ ಸೆನ್ಸರ್ ಇರಬೇಕು, ತಂತಿಗಳ ಕರೆಂಟನ್ನೂ ಬೇರೆಬೇರೆಯಾಗಿ ನೋಡುತ್ತಿರಬೇಕು. ಪರದೆಯ ಮೇಲೆ ಸೂಚನೆ ಮೂಡಿದರೂ ಬಿಲ್ಲುಗಳು ಬೀಳುತ್ತಲೇ ಇರುತ್ತವೆ. ಭಾನುವಾರ ಯಂತ್ರ ಬಿಡುವಾದಾಗ ಹೊಸ ತಂತಿ ಹಾಕಿಸಿದರಾಯಿತು.